ಉಂಡಿಯ ಮುಂದಿನ ಊಟ

ಕೆರೆಯಿಂದ ಕೆರೆಗೆ ನೀರು ತಾನೇ ದಾರಿ ಹುಡುಕಿಕೊಂಡು ಹೋಗುತ್ತಿದ್ದ ಕಾಲವದು. ಸಾಲಿನ ಕೊನೆಯ ಕೆರೆಯ ಏರಿಯ ಮೇಲೆ ಒಂದು ಗುಡಿಸಲು, ಗುಡಿಸಲಲ್ಲಿ ಒಬ್ಬ ಮುದುಕಿ, ಮುದುಕಿಗೊಬ್ಬಳು ಮೊಮ್ಮಗಳು. ಮುದುಕಿಯ ಮಡಕೆಗೆ ತಳವಿದೆಯೋ ಇಲ್ಲವೋ ನೋಡಿದವರಿಲ್ಲ. ದಾರಿಯಲ್ಲಿ ಹೋಗುವವರು ಯಾರೇ ಬರಲಿ, ಹಸಿದು ಬಂದವರು ಹಸಿದು ಎದ್ದದ್ದಿಲ್ಲ. ಹೀಗಿರಲು ಒಂದು ದಿನ ಸಮುದ್ರದಾಚೆಯ ಹಾವೊಂದು ಆ ಮನೆಗೆ ಬಿಡಾರಕ್ಕೆ ಬಂತು.

ಅಜ್ಜಿ ಹೇಳುವ ಕಥೆಗಳಲ್ಲಾದರೆ ಇಷ್ಟು ಹೊತ್ತಿಗೆ ಹಾವು ತಲೆಯೆತ್ತಿ ಮಾತಾಡಬೇಕಿತ್ತು. ನನಗಿಷ್ಟು ಹಸಿವು, ಇಷ್ಟು ಕೊಡು ಅನ್ನಬೇಕಿತ್ತು. ಮುದುಕಿ ಕೊಡಬೇಕಿತ್ತು, ಹಾವು ವರ ಕೊಟ್ಟು ಹೋಗಬೇಕಿತ್ತು. ಅಂಥ ಕಥೆಗಳನ್ನು ಕೇಳಿಕೊಂಡೇ ಬೆಳೆದವಳು ನಾನು. ನಮ್ಮ ಮನೆಗೆ ಬಂದ ಹಾವು ಮಾತ್ರ ಏನನ್ನೂ ಹೇಳಲಿಲ್ಲ. ಎಷ್ಟು ಬೇಕು, ಯಾವಾಗ ಬೇಕು, ಸಾಕೇ, ಇನ್ನೂ ಬೇಕೇ, ಯಾವುದನ್ನೂ. ತೊಂದರೆ ಶುರುವಾದದ್ದು ಅಲ್ಲಿಂದಲೇ.

ಆ ಏರಿ ಈಗ ಬೆಂಗಳೂರಿನ ಹೂಡಿಯ ರಸ್ತೆ. ಗುಡಿಸಲಿದ್ದ ಜಾಗದಲ್ಲಿ ನಮ್ಮ ಮನೆ. ಕೆಳಗೆ ಅಜ್ಜಿಯ ಮುದ್ದೆ ಮೆಸ್ಸು, ಅದರ ಹಿಂದೆ ನಾವಿಬ್ಬರೂ ಮಲಗುವ ಕೋಣೆ, ಮೇಲೆ ಬಾಡಿಗೆಗೆ ಕೊಟ್ಟ ಇನ್ನೊಂದು ಕೋಣೆ. ಸುತ್ತಲಿನ ವರ್ಕ್‌ಶಾಪುಗಳ ಆಪರೇಟರುಗಳು, ಟ್ಯಾಂಕರ್ ಓಡಿಸುವವರು, ಟೆಕ್ ಪಾರ್ಕಿನ ಗೇಟು ಕಾಯುವವರು ನಮ್ಮಲ್ಲಿ ಉಣ್ಣುತ್ತಾರೆ. ಅಜ್ಜಿಯ ಹೆಸರು ರಾಮಮ್ಮ. ಹೊಸ ಗಿರಾಕಿ ಬಂದರೆ ಅವಳು ಮೊದಲು ಅವನ ಮಣಿಕಟ್ಟು ನೋಡುತ್ತಾಳೆ, ಆಮೇಲೆ ಮುದ್ದೆ ಕಟ್ಟುತ್ತಾಳೆ. ತಟ್ಟೆ ಖಾಲಿಯಾದ ಗಳಿಗೆಯಲ್ಲಿ, ಅವನು ಬಾಯಿ ತೆರೆಯುವ ಮುಂಚೆ, ಅರ್ಧ ಮುದ್ದೆ ಬಂದು ಬೀಳುತ್ತದೆ. ಕೇಳಿಕೊಂಡು ಬಡಿಸುವುದು ಅವಳಿಗೆ ಮರ್ಯಾದೆಯಲ್ಲ. "ಬೇಕಾ ಅಂತ ಕೇಳುದ್ರೆ ಯಾವನಾದ್ರೂ ಬೇಕು ಅಂತಾನಾ? ನಾಚ್ಕೋತಾನೆ," ಅನ್ನುತ್ತಾಳೆ.

ಮೇಲಿನ ಕೋಣೆಯಲ್ಲಿರುವವಳು ಶೈಲಶ್ರೀ, ಇಳಕಲ್ಲಿನ ಹುಡುಗಿ. ವಿಮಾನದ ಬಿಡಿಭಾಗ ಮಾಡುವ ಒಂದು ಫ್ಯಾಕ್ಟರಿಯಲ್ಲಿ ಅಳತೆ ಪರೀಕ್ಷಿಸುವ ಕೆಲಸ. ಹಾವು ಅವಳದ್ದು. ಬಾಲ್ ಪೈಥಾನ್ ಎಂಬ ಆಫ್ರಿಕಾದ ಪುಟ್ಟ ಹೆಬ್ಬಾವು. ಅರಣ್ಯ ಇಲಾಖೆಯಲ್ಲಿ ನೋಂದಾಯಿಸಿ ಸಾಕಿದ್ದಳು. ಹೆದರಿದರೆ ತಲೆಯನ್ನು ನಡುವೆ ಬಚ್ಚಿಟ್ಟುಕೊಂಡು ಉಂಡೆ ಕಟ್ಟಿಕೊಳ್ಳುವ ಜೀವ ಅದು. ಅವರೂರಲ್ಲಿ ಲಾಡುವಿಗೆ ಉಂಡಿ ಅನ್ನುತ್ತಾರೆ, ಅದನ್ನೇ ಹೆಸರಿಟ್ಟಿದ್ದಳು. ಗಾಜಿನ ಪೆಟ್ಟಿಗೆಯ ಒಂದು ಬದಿಯ ಕೆಳಗೆ ಕರೆಂಟಿನಿಂದ ಬೆಚ್ಚಗಾಗುವ ಮ್ಯಾಟು, ಆ ಬದಿಯಲ್ಲೇ ಬೋರಲು ಹಾಕಿದ ಒಂದು ಒಡಕು ಮಡಕೆ, ಒಡೆದ ಕಡೆಯೇ ಅದರ ಬಾಯಿ. ಉಂಡಿ ಹೆಚ್ಚು ಹೊತ್ತು ಆ ಮಡಕೆಯೊಳಗೇ ಇರುತ್ತಿತ್ತು.

ಜೂನ್ ತಿಂಗಳಲ್ಲಿ ಶೈಲಶ್ರೀಯ ಅಕ್ಕನಿಗೆ ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಕೂಸನ್ನು ಆಸ್ಪತ್ರೆಯ ಬೆಚ್ಚನೆಯ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆಂದು ಫೋನು ಬಂತು. ಊರಿಗೆ ಹೊರಡಲು ಚೀಲಕ್ಕೆ ಬಟ್ಟೆ ತುರುಕಿಕೊಳ್ಳುತ್ತಲೇ ಶೈಲಶ್ರೀ ನನ್ನನ್ನು ಮೇಲೆ ಕರೆದಳು.

"ಸೌಮ್ಯಾ, ಎಷ್ಟ ದಿನ ಆಗ್ತದೋ ಗೊತ್ತಿಲ್ಲ. ಉಂಡಿನ್ನ ನೀನ ನೋಡ್ಕೋಬೇಕು."

"ನೋಡ್ಕೋತೀನಿ. ಏನ್ ಮಾಡ್ಬೇಕು ಹೇಳು."

ಅವಳು ಕೆಲಸದಲ್ಲಿ ದಪ್ಪ ಅಳೆಯುವ ಕ್ಯಾಲಿಪರನ್ನು ಚೀಲದಿಂದ ತೆಗೆದು ಉಂಡಿಯ ನಡುಮೈಗೆ ಹಿಡಿದಳು, ಒತ್ತದೆ, ಬರೀ ತಾಕಿಸಿ. "ಇಲ್ಲಿ ಎಷ್ಟ ದಪ್ಪ ಅದನೋ, ಊಟ ಅಷ್ಟ ದಪ್ಪ ಇರಬೇಕು. ಜಾಸ್ತಿ ಬ್ಯಾಡ. ತೂಕದಾಗ ಹೇಳೂದಾದ್ರ ಇಕಿ ತೂಕದ ಹತ್ತನೇ ಒಂದು ಪಾಲು. ಎರಡು ವಾರಕ್ಕೊಮ್ಮೆ ಒಂದು. ತಿಂದ ಮ್ಯಾಲೆ ಎರಡು ದಿನ ಮುಟ್ಟಬ್ಯಾಡ, ಮ್ಯಾಟ್ ಆರಬಾರದು."

ಅವಳ ಪುಟ್ಟ ಫ್ರಿಜ್ಜಿನ ಮೇಲ್ಭಾಗದಲ್ಲಿ ಹೆಪ್ಪುಗಟ್ಟಿದ ಇಲಿಗಳ ಪೊಟ್ಟಣಗಳಿದ್ದವು. ಮುಂದಿನ ಸಾಲು ಈಗಿನ ಅಳತೆಯವು. ಹಿಂದೆ ಇದ್ದ ದೊಡ್ಡವು ಉಂಡಿ ಬೆಳೆದ ಮೇಲೆ ಬೇಕಾಗುತ್ತವೆಂದು ತಂದಿಟ್ಟವು.

"ಇನ್ನೊಂದು ಮಾತು," ಎಂದಳು ಮೆಟ್ಟಿಲ ಮೇಲೆ ನಿಂತು. "ನುಂಗಿದ್ದಕ್ಕ ಊಟ ಆತು ಅನ್ನಂಗಿಲ್ಲ. ಅರಗಿ ಹೊರಗ ಬರಬೇಕು. ಪೇಪರ್ ಮ್ಯಾಲೆ ಅದು ಕಂಡ ದಿನ ನಂಗ ಫೋಟೋ ಕಳಿಸು. ಆವಾಗ ನನ್ನ ಜೀವಕ್ಕ ಸಮಾಧಾನ."

"ಹಾವಿನ ಹೇಲಿನ ಫೋಟೊನಾ?"

"ಹೌದು ಮತ್ತ. ಕಳಿಸ್ತೀಯಿಲ್ಲೋ?"

"ಕಳಿಸ್ತೀನಿ," ಎಂದೆ. ಅಷ್ಟೇ ನಾನು ಕೊಟ್ಟ ಮಾತು.

ಆ ಭಾನುವಾರ ಸಂಜೆ ಮುಂದಿನ ಸಾಲಿನ ಒಂದು ಪೊಟ್ಟಣ ತೆಗೆದೆ. ಬಿಸಿನೀರಿನಲ್ಲಿಟ್ಟು ಹದಕ್ಕೆ ತಂದು, ಉದ್ದನೆಯ ಚಿಮುಟದಲ್ಲಿ ಹಿಡಿದು ಮಡಕೆಯ ಬಾಯಿಗೆ ಒಡ್ಡಿದೆ. ನಾಲಿಗೆ ಎರಡು ಸಲ ಆಡಿತು. ಆಮೇಲೆ ಏನಾಯಿತೆಂದು ಕಣ್ಣಿಗೆ ಬೀಳುವ ಮೊದಲೇ ಚಿಮುಟ ಖಾಲಿಯಾಗಿತ್ತು. ಅಜ್ಜಿ ನನ್ನ ಹಿಂದೆ ಸೆರಗು ಬಿಗಿಹಿಡಿದು ನಿಂತಿದ್ದಳು. ಅವಳ ಮಟ್ಟಿಗೆ ಹಾವೆಂದರೆ ನಾಗಪ್ಪ, ಆಫ್ರಿಕಾದ್ದಾದರೇನು, ಅಂತರಗಂಗೆ ಬೆಟ್ಟದ್ದಾದರೇನು.

"ಇಷ್ಟೇನಾ?" ಎಂದಳು.

"ಇಷ್ಟೇ. ಇನ್ನು ಎರಡು ವಾರಕ್ಕೆ."

"ಎರಡು ವಾರ." ಅವಳು ಪೆಟ್ಟಿಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. "ಇಷ್ಟುದ್ದ ಮೈ ಐತೆ, ಒಂದು ಬೆಳ್ಳುದ್ದ ಊಟ. ಆ ಹುಡ್ಗಿ ಪಾಪ, ಕಬ್ಣ ಅಳ್ಯೋಳು. ಒಟ್ಟೆ ಅಳ್ಯಾಕೆ ಬತ್ತದಾ ಅವ್ಳಿಗೆ?"

ಮರುದಿನ ಮಧ್ಯಾಹ್ನ ಅವಳು ಇದನ್ನೇ ಮೆಸ್ಸಿನಲ್ಲಿ ಹೇಳಿದಳು. ನೀರಿನ ಟ್ಯಾಂಕರ್ ಓಡಿಸುವ ನಲ್ಲಪ್ಪ ದಿನಾ ಬರುವ ಗಿರಾಕಿ. ಸೊಪ್ಪಿನ ಸಾರಿನಲ್ಲಿ ಮುದ್ದೆ ಅದ್ದುತ್ತ ಅವನು ನಕ್ಕ.

"ಅಮ್ಮೋ, ಎಲ್ರೂ ಅಂಗೇ ಉಂಡ್ರೆ ನಿನ್ನ ಮೆಸ್ಸಿಗೆ ಬೀಗ ಜಡ್ಕೊಂಡು ಕಾಶಿಗೆ ಓಗ್ಬೋದು."

"ನೀನು ಉಣ್ಣೋ, ಬಾಯ್ಬಡ್ಕ," ಎಂದು ಅಜ್ಜಿ ಅವನ ತಟ್ಟೆಗೆ ಅರ್ಧ ಮುದ್ದೆ ಹಾಕಿದಳು. ಅವನು ಬೇಡ ಅನ್ನಲಿಲ್ಲ. ನಾನು ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಮೆಟ್ರೊ ಕಂಬಗಳ ಮೇಲೆ ಜಮಾಯಿಸುತ್ತಿದ್ದ ಮೋಡ ನೋಡುತ್ತಿದ್ದೆ. ನಾನು ನೋಡಬೇಕಿದ್ದದ್ದು ಅಜ್ಜಿಯ ಮುಖವನ್ನು.

ವಾಸನೆ ಬಂದದ್ದು ಗುರುವಾರ ಬೆಳಿಗ್ಗೆ. ಮೆಟ್ಟಿಲು ಹತ್ತುವಾಗಲೇ ಮೂಗಿಗೆ ಬಡಿಯಿತು, ಕೊಳೆತ ಮಾಂಸದ ಮೇಲೆ ಹುಳಿ ಹಿಂಡಿದಂಥ ವಾಸನೆ. ಬಾಗಿಲು ತೆರೆದೆ. ಪೆಟ್ಟಿಗೆಯ ನಡುವೆ, ಒದ್ದೆಯಾದ ಪೇಪರಿನ ಮೇಲೆ ಬೂದುಬಣ್ಣದ ಒಂದು ಮುದ್ದೆ ಬಿದ್ದಿತ್ತು. ರೋಮ, ಬಾಲ, ಲೋಳೆ. ಅದು ಮುಂದಿನ ಸಾಲಿನ ಇಲಿಯಾಗಿರಲಿಲ್ಲ. ಅದರ ದಪ್ಪ ಉಂಡಿಯ ಮೈಯ ಎರಡರಷ್ಟಿತ್ತು. ಪಕ್ಕದಲ್ಲಿ ಅರ್ಧ ಕರಗಿದ ಇನ್ನೊಂದು. ಉಂಡಿ ಬೆಚ್ಚನೆಯ ಮಡಕೆ ಬಿಟ್ಟು ತಣ್ಣನೆಯ ಮೂಲೆಯಲ್ಲಿ ಬಿದ್ದುಕೊಂಡಿತ್ತು. ಉಂಡೆ ಕಟ್ಟಿರಲಿಲ್ಲ. ಬಿಚ್ಚಿದ ಹಗ್ಗದಂತೆ, ಬಾಯಿ ಸ್ವಲ್ಪ ತೆರೆದು.

ಫ್ರಿಜ್ಜಿನ ಹಿಂದಿನ ಸಾಲಿನಲ್ಲಿ ಒಂದು ಪೊಟ್ಟಣ ಕಡಿಮೆಯಿತ್ತು.

ಕೆಳಗಿಳಿದಾಗ ಅಜ್ಜಿ ಹಿಟ್ಟಿನ ಕೋಲು ತಿರುವುತ್ತಿದ್ದಳು. ನನ್ನ ಮುಖ ನೋಡಿ ಕೋಲು ನಿಲ್ಲಿಸಿದಳು.

"ಅಜ್ಜಿ, ಏನ್ ಕೊಟ್ಟೆ ಅದಕ್ಕೆ?"

"ನಿನ್ನೆ ಒಟ್ಟೆ ಬತ್ತೋಗಿತ್ತು ಕಣೆ. ಚಪ್ಪಟೆ ಆಗೋಗಿತ್ತು. ನೀನು ಬಿಸ್ನೀರಲ್ಲಿ ಇಟ್ಟಂಗೇ ಇಟ್ಟು ಕೊಟ್ಟೆ. ಎಷ್ಟು ಚೆಂದ ನುಂಗ್ತು ಗೊತ್ತಾ."

"ಕಕ್ಬಿಟ್ಟಿದೆ. ಎರಡೂ."

ಅಜ್ಜಿ ಒಲೆ ಆರಿಸಿದಳು. ಬೆಳಗಿನ ಹೊತ್ತು ಆ ಒಲೆ ಆರಿದ್ದನ್ನು ನಾನು ಹಿಂದೆ ನೋಡಿರಲಿಲ್ಲ.

ಬ್ರೂಕ್‌ಫೀಲ್ಡಿನಲ್ಲಿ ಹಕ್ಕಿ, ಆಮೆ, ಹಾವುಗಳನ್ನು ನೋಡುವ ಡಾಕ್ಟರೊಬ್ಬರಿದ್ದಾರೆ, ಚಿನ್ನಪ್ಪ ಎಂದು. ಉಂಡಿಯನ್ನು ದಿಂಬಿನ ಚೀಲಕ್ಕಿಳಿಸಿ, ಚೀಲವನ್ನು ಡಬ್ಬಿಯೊಳಗಿಟ್ಟು, ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಆಟೋದಲ್ಲಿ ಹೋದೆ. ಕುಂದಲಹಳ್ಳಿ ಗೇಟಿನ ಹತ್ತಿರ ಗಾಡಿ ನಿಂತಲ್ಲೇ ನಿಂತಿತು. ಡಬ್ಬಿಗೆ ಕಿವಿಯಿಟ್ಟೆ. ಏನೂ ಕೇಳಲಿಲ್ಲ. ಹಾವು ಉಸಿರಾಡಿದರೆ ಸದ್ದಾಗುತ್ತದೆಯೇ ಎಂಬುದೂ ನನಗೆ ಗೊತ್ತಿರಲಿಲ್ಲ.

ಚಿನ್ನಪ್ಪ ಉಂಡಿಯನ್ನು ತಕ್ಕಡಿಯಲ್ಲಿಟ್ಟರು, ಬಾಯಿ ತೆರೆಸಿ ಟಾರ್ಚು ಹಾಕಿದರು, ಬೆನ್ನಿನುದ್ದಕ್ಕೂ ಹೆಬ್ಬೆರಳು ಸವರಿದರು.

"ಜೀವಕ್ಕೆ ಸದ್ಯ ಏನೂ ಇಲ್ಲಮ್ಮ. ಆದರೆ ಕಕ್ಕುವಾಗ ಹೊಟ್ಟೆಯ ರಸ ಪೂರ್ತಿ ಹೊರಗೆ ಹೋಗುತ್ತೆ, ಗಂಟಲು ಸುಡುತ್ತೆ. ಅದೆಲ್ಲ ಮತ್ತೆ ಊರಬೇಕು. ಎರಡು ವಾರ ಏನೂ ಕೊಡಬೇಡಿ. ನೀರು ಮಾತ್ರ. ಆಮೇಲೆ ಮಾಮೂಲಿ ಊಟದ ಅರ್ಧ."

"ಅಲ್ಲೀತನಕ ಇಳಿದು ಹೋಗಲ್ವಾ ಸಾರ್?"

"ಇಳಿಯುತ್ತೆ. ನೋಡೋಕೆ ಕಷ್ಟ ಆಗುತ್ತೆ. ಆದರೆ ಬೇಗ ಕೊಟ್ಟು ಇನ್ನೊಂದು ಸಲ ಕಕ್ಕಿದರೆ..." ಅವರು ಕೈಗವಸು ತೆಗೆದರು. "ಹಸಿವಿನಿಂದ ಇದು ಎರಡು ವಾರದಲ್ಲಿ ಸಾಯಲ್ಲ. ಎರಡನೇ ಸಲ ಕಕ್ಕಿದರೆ ಉಳಿಸೋದು ನನ್ನ ಕೈಲಿ ಆಗದೇ ಹೋಗಬಹುದು." ಒಂದು ಬಿಳಿ ಸುಂಡಿಲಿಯ ಪೊಟ್ಟಣವನ್ನು ಮಂಜುಗಡ್ಡೆಯ ಜೊತೆ ಕಟ್ಟಿಕೊಟ್ಟರು. ನನ್ನ ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದು, ಅಷ್ಟೆ.

ಶೈಲಶ್ರೀಗೆ ಆಟೋದಿಂದಲೇ ಫೋನು ಮಾಡಿದೆ. ನಡೆದದ್ದನ್ನೆಲ್ಲ ಹೇಳಿದೆ. ಅವಳ ಹಿಂದೆ ಆಸ್ಪತ್ರೆಯ ಯಂತ್ರವೊಂದು ಟಿಕ್ ಟಿಕ್ ಅನ್ನುತ್ತಿತ್ತು. "ಅಜ್ಜಿಗೆ ಬೈಬ್ಯಾಡ," ಎಂದಳು. "ಆದ್ರ ಕೀಲಿ ನಿನ್ನ ಹತ್ರ ಇಟ್ಕೋ."

ಕೀಲಿ ಇಟ್ಟುಕೊಂಡೆ. ಆದರೆ ನಮ್ಮ ಮನೆಯಲ್ಲಿ ಒಂದು ಜೀವ ಹಸಿದಿರುವುದನ್ನು ಬೀಗ ಹಾಕಿ ಬಚ್ಚಿಡಲು ಆಗುವುದಿಲ್ಲ. ಅಜ್ಜಿ ಬಡಿಸುವಾಗ ಕೈ ತಡೆಯುತ್ತಿದ್ದಳು. ಸಾರಿಗೆ ಉಪ್ಪು ಮರೆತಳು. ತಾನು ಸಂಜೆಯ ಊಟ ಬಿಟ್ಟಳು. ಕೇಳಿದರೆ, "ಮೇಲೆ ನಾಗಪ್ಪ ಅಸ್ಕೊಂಡು ಮನ್ಗವ್ನೆ, ನಂಗೆ ಗಂಟ್ಲಲ್ಲಿ ಇಳೀತದಾ?" ಅನ್ನುತ್ತಿದ್ದಳು. ಅವಳ ಭಯ ಬೇರೆಯೇ ಇತ್ತು, ಅದನ್ನು ಒಂದು ದಿನ ಸೊಪ್ಪು ಬಿಡಿಸುತ್ತ ಹೇಳಿದಳು: ಮನೆಯೊಳಗೆ ಹಾವು ಉಪವಾಸ ಸತ್ತರೆ ಆ ಮನೆಯ ಹೆಣ್ಣುಮಕ್ಕಳ ಮಡಿಲು ತುಂಬುವುದಿಲ್ಲ. ಹೆಣ್ಣುಮಕ್ಕಳೆಂದರೆ ನಾನೊಬ್ಬಳೇ. ನನ್ನ ಕಡೆ ನೋಡದೆ ಹೇಳಿದಳು.

ನಾನು ದಿನಕ್ಕೆ ಮೂರು ಸಲ ಮೇಲೆ ಹೋಗುತ್ತಿದ್ದೆ. ನೀರಿನ ಬಟ್ಟಲು, ಮ್ಯಾಟಿನ ಬಿಸಿ, ಮಡಕೆಯ ಕತ್ತಲು. ಉಂಡಿ ಮಡಕೆಗೆ ಮರಳಿತ್ತು. ಆದರೆ ಮೈ ದುಂಡಗೆ ಉಳಿದಿರಲಿಲ್ಲ. ಬೆನ್ನಿನ ಮೂಳೆ ಮೆಲ್ಲನೆ ಮೇಲೆದ್ದು, ಎರಡೂ ಬದಿ ಇಳಿಜಾರಾಗಿ, ಹಂಚಿನ ಮಾಡಿನಂತೆ ಕಾಣತೊಡಗಿತು.

ಒಂದು ಮಧ್ಯಾಹ್ನ ಗಿರಾಕಿಗಳ ಗದ್ದಲ ಇಳಿದ ಮೇಲೆ ನೋಡಿದರೆ ಗಲ್ಲಾಪೆಟ್ಟಿಗೆಯ ಕೆಳಗೆ ನಾನಿಟ್ಟಿದ್ದ ಕೀಲಿ ಇರಲಿಲ್ಲ.

ಮೆಟ್ಟಿಲುಗಳನ್ನು ಹೇಗೆ ಹತ್ತಿದೆನೋ. ಬಾಗಿಲು ಓರೆಯಾಗಿತ್ತು. ಅಜ್ಜಿ ಪೆಟ್ಟಿಗೆಯ ಮುಂದೆ ಕೂತಿದ್ದಳು. ಮುಚ್ಚಳ ತೆಗೆದಿತ್ತು. ಕೈಯಲ್ಲಿ ಒಂದು ಬೇಯಿಸಿದ ಮೊಟ್ಟೆ.

"ಅಜ್ಜಿ."

"ಇನ್ನೂ ಕೊಟ್ಟಿಲ್ಲ ಕಣೆ." ಅವಳು ತಿರುಗಲಿಲ್ಲ. "ಆ ಡಾಕ್ಟ್ರಪ್ಪ ಇಲಿ ಕೊಡ್ಬೇಡಿ ಅಂದ. ಮೊಟ್ಟೆ ಕೊಡ್ಬೇಡಿ ಅಂದ್ನಾ?"

"ಏನೂ ಕೊಡ್ಬೇಡಿ ಅಂದ್ರು."

"ಏನೂ ಕೊಡ್ಬೇಡಿ ಅನ್ನೋಕೆ ಅವ್ನ್ಯಾರು? ನೋಡಿಲ್ಲಿ. ಬೆನ್ನು ನೋಡು. ಇಂಗಿರೋನು ನನ್ನ ಪಂಕ್ತೀಲಿ ಕೂತ್ರೆ ನಾನು ಬಡಿಸ್ದೆ ಇರ್ತೀನಾ?"

ಅವಳ ಕೈಯಿಂದ ಮೊಟ್ಟೆ ಕಿತ್ತುಕೊಳ್ಳಬಹುದಿತ್ತು. ನಾಳೆ ಇನ್ನೊಂದು ಬೇಯಿಸುತ್ತಿದ್ದಳು. ಬೀಗ ಬದಲಾಯಿಸಬಹುದಿತ್ತು. ಅವಳು ಆ ಕೀಲಿಯನ್ನೂ ಹುಡುಕಿ ತೆಗೆಯುತ್ತಿದ್ದಳು. ಅವಳನ್ನು ತಡೆಯುವ ಮಾತು ಚಿನ್ನಪ್ಪನವರ ಬಾಯಿಂದ ಬಂದಿರಲಿಲ್ಲ, ಶೈಲಶ್ರೀಯ ಬಾಯಿಂದಲೂ ಬಂದಿರಲಿಲ್ಲ. ನಾನು ಅವಳ ಪಕ್ಕ ನೆಲದ ಮೇಲೆ ಕೂತೆ. ಮುಚ್ಚಳ ಎಳೆದು ಹಾಕಿದೆ. ಅಷ್ಟರಲ್ಲಿ ಕೆಳಗೆ ರಸ್ತೆಯಲ್ಲಿ ನಲ್ಲಪ್ಪನ ಟ್ಯಾಂಕರಿನ ಹಾರನ್ನು ಕೇಳಿಸಿತು.

"ಅಜ್ಜಿ, ಹೋದ ವರ್ಷ ನಲ್ಲಪ್ಪಂಗೆ ಕಾಮಾಲೆ ಆಗಿತ್ತಲ್ಲ. ಕಣ್ಣೆಲ್ಲ ಅರಿಶಿನ ಆಗಿ ಬಂದು ಕೂತಿದ್ನಲ್ಲ."

"ಊಂ."

"ಮುದ್ದೆ ಹಾಕು ಅಂತ ಎಷ್ಟು ಗೋಗರೆದ. ನೀನು ಏನ್ ಕೊಟ್ಟೆ?"

"ಗಂಜಿ." ಸ್ವಲ್ಪ ತಡೆದು, "ಎಣ್ಣೆ ಇಲ್ಲ, ಖಾರ ಇಲ್ಲ."

"ತಟ್ಟೆ ಬಡಿದ. ನಿನ್ನ ವಂಶಕ್ಕೆಲ್ಲ ಬೈದ. ಆಗ ಅವನ ಮೂಳೆ ಕಾಣ್ತಿರ್ಲಿಲ್ವಾ?"

"ಅದು ಪಥ್ಯ ಕಣೆ."

"ಇದೂ ಪಥ್ಯನೇ. ಡಾಕ್ಟರು ಉಪವಾಸ ಅಂದಿಲ್ಲ. ಗಂಟಲು ಸುಟ್ಟಿದೆ, ಅದು ಮಾಯೋವರೆಗೂ ಪಥ್ಯ. ಪಥ್ಯ ಮುರಿದ್ರೆ ಏನಾಗುತ್ತೆ ಅಂತ ನಾನು ನಿಂಗೆ ಹೇಳ್ಕೊಡ್ಬೇಕಾ?"

ಅಜ್ಜಿ ಮೊಟ್ಟೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದಳು. ಪೆಟ್ಟಿಗೆಯೊಳಗೆ ಉಂಡಿ ನಾಲಿಗೆ ಹೊರಹಾಕಿ ಒಳಗೆಳೆದುಕೊಂಡಿತು.

"ಪಥ್ಯ ಅಂತ ಮೊದ್ಲೇ ಏಳ್ಬಾರ್ದಾಗಿತ್ತಾ ಮುಂಡೇದೆ," ಎಂದಳು. ಮೊಟ್ಟೆ ಸುಲಿದು ಅರ್ಧ ನನಗೆ ಕೊಟ್ಟು ಅರ್ಧ ತಾನು ತಿಂದಳು. ಕೀಲಿಯನ್ನು ನನಗೆ ಕೊಡಲಿಲ್ಲ. ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಅಲ್ಲಿಂದ ಮುಂದೆ ಕಾವಲು ಅವಳದ್ದಾಯಿತು. ಮೇಲಿನ ಕೋಣೆಯ ಹತ್ತಿರ ಯಾರೂ ಜೋರಾಗಿ ಬಾಗಿಲು ಹಾಕುವಂತಿರಲಿಲ್ಲ. ಒಗ್ಗರಣೆ ಘಾಟು ಮೇಲೆ ಹೋಗುತ್ತದೆಂದು ಹಿಂಬಾಗಿಲು ತೆರೆದಿಟ್ಟು ಮಳೆಯ ಇರಚಲನ್ನೆಲ್ಲ ಒಳಗೆ ಬಿಟ್ಟುಕೊಂಡಳು. ನಲ್ಲಪ್ಪ, "ಬಾಣಂತಿ ಕೋಣೆ ಆಗೋಯ್ತು," ಎಂದದ್ದಕ್ಕೆ ಅವನಿಗೆ ಆ ದಿನ ಉಪ್ಪಿನಕಾಯಿ ಸಿಗಲಿಲ್ಲ.

ಎರಡು ವಾರ ತುಂಬಲು ಇನ್ನೂ ಕೆಲವು ದಿನ ಇರುವಾಗ ಶೈಲಶ್ರೀ ವಿಡಿಯೊ ಕರೆ ಮಾಡಿದಳು. ಉಂಡಿಯನ್ನು ತೋರಿಸು ಎಂದಳು. ತೋರಿಸಬಾರದಿತ್ತು; ಆ ಹೊತ್ತಿಗೆ ಅದು ಮಡಕೆಯಿಂದ ಹೊರಬಂದು ಗಾಜಿಗೊರಗಿ ಉದ್ದಕ್ಕೆ ಮಲಗಿತ್ತು. ಬೆನ್ನ ಗೀಟು ಫೋನಿನಲ್ಲೂ ಕಾಣುತ್ತಿತ್ತು.

"ಅಯ್ಯ ಯವ್ವಾ," ಎಂದಳು. ಅವಳ ಕಣ್ಣು ಕೆಂಪಗಿದ್ದವು, ನಿದ್ದೆಯಿಲ್ಲದ ಮುಖ. "ಸೌಮ್ಯಾ, ಇವತ್ತ ಕೊಟ್ಟುಬಿಡು. ಆ ಸುಂಡಿಲಿ ಅದ ಅಲ್ಲ, ಕೊಟ್ಟುಬಿಡು."

"ಡಾಕ್ಟರು..."

"ಡಾಕ್ಟರ್ ನೋಡಿದ್ದು ಆವಾಗ. ಈಗ ನೋಡಿಲ್ಲ. ಇಲ್ಲಿ ಒಂದು ಕೂಸು ಹಾಲು ಕುಡೀವಲ್ದು, ಅಲ್ಲಿ ಇಕಿ. ನಂಗ ಎರಡೂ ಕಡಿ ಕಣ್ಣಿಂದ ನೋಡ್ಕೋತ ಕೂಡಾಕ ಆಗೂದಿಲ್ಲ. ನೀ ಕೊಡಾಕ ಆಗಲ್ಲಂದ್ರ ಹೇಳು, ನನ್ನ ಗೆಳತಿ ಕಾಡುಗೋಡಿಂದ ಬಂದು ಒಯ್ತಾಳ."

ನನ್ನ ಕೈ ಫ್ರಿಜ್ಜಿನ ಕಡೆ ಹೋದದ್ದು ನಿಜ. ಹಾವು ಅವಳದ್ದು. ಅದರ ಮೇಲೆ ನನ್ನ ಮಾತಿಗಿಂತ ಅವಳ ಮಾತು ದೊಡ್ಡದು. ಬಾಗಿಲಲ್ಲಿ ನಿಂತಿದ್ದ ಅಜ್ಜಿ ಬಂದು ಫೋನು ತೆಗೆದುಕೊಂಡಳು. ಅದನ್ನು ಹೇಗೆ ಹಿಡಿಯಬೇಕೆಂದು ತಿಳಿಯದೆ ಹಣೆಯ ಹತ್ತಿರ ಹಿಡಿದಳು.

"ನಾನು ಕಣವ್ವ, ರಾಮಮ್ಮ. ಕೊಡಾಕಿಲ್ಲ."

"ಅಜ್ಜೀ, ಅಕಿ ನನ್ನಾಕಿರಿ."

"ನಿನ್ನೋಳೇ. ಅದ್ಕೇ ಏಳ್ತಿರೋದು. ನಾನು ಒಂದ್ಸಲ ಅಯ್ಯೋ ಪಾಪ ಅಂತ ಕೊಟ್ಟು ಈ ಸ್ಥಿತಿಗೆ ತಂದಿವ್ನಿ. ನೀನೂ ಅದೇ ಮಾಡ್ಬೇಡ."

"ಬೆನ್ನ ಹೆಂಗಾಗ್ಯಾದ ನೋಡ್ರಿ..."

"ದಿನಾ ನೋಡ್ತಿವ್ನಿ. ನೀನು ಅಲ್ಲಿಂದ ಅಳ್ತೀಯ, ನಾನು ಇಲ್ಲಿ ಕೈ ಕಟ್ಕೊಂಡು ಕುಂತಿವ್ನಿ. ನಂಗೆ ಕೈ ಕಟ್ಕೊಂಡು ಕುಂತು ಅಭ್ಯಾಸ ಇಲ್ಲ ಕಣವ್ವ." ಅಜ್ಜಿ ಸೊಂಟದ ಕೀಲಿ ಮುಟ್ಟಿ ನೋಡಿಕೊಂಡಳು. "ನಿನ್ನ ಗೆಳ್ತಿ ಬರ್ಲಿ. ಮುದ್ದೆ ಹಾಕಿ ಕಳ್ಸ್ತೀನಿ. ಕೀಲಿ ಕೊಡಾಕಿಲ್ಲ. ಈ ಚಳಿ ಗಾಳೀಲಿ ಅದ್ನ ಊರೂರು ಒತ್ಕೊಂಡೋದ್ರೆ ಇರೋ ಉಸ್ರೂ ಓಯ್ತದೆ. ಆ ಡಾಕ್ಟ್ರಪ್ಪಂಗೆ ನೀನೇ ಫೋನ್ ಮಾಡು. ಅವ್ನು ಇವತ್ತೇ ಕೊಡಿ ಅಂದ್ರೆ ನಾನೇ ಬಿಸ್ನೀರು ಇಡ್ತೀನಿ."

ಶೈಲಶ್ರೀ ಕರೆ ಕತ್ತರಿಸಿದಳು. ಅಜ್ಜಿ ಫೋನನ್ನು ನನ್ನ ಮಡಿಲಲ್ಲಿ ಇಟ್ಟು ಗೋಡೆಗೊರಗಿದಳು. ಶೈಲಶ್ರೀ ಗೆಳತಿಯನ್ನು ಕಳಿಸುತ್ತಾಳೋ, ಬೈಯುತ್ತಾಳೋ, ಇನ್ನೆಂದೂ ನಮ್ಮ ಮನೆಯಲ್ಲಿ ಇರುವುದಿಲ್ಲವೋ. ಕಾಯುವ ಹೊತ್ತು ಕಥೆಯಲ್ಲಿ ಒಂದು ಸಾಲಿನಲ್ಲಿ ಮುಗಿಯುತ್ತದೆ. ಆ ಕೋಣೆಯಲ್ಲಿ ಅದು ಮುಗಿಯಲೊಲ್ಲದು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಮೆಸೇಜು ಬಂತು. ಡಾಕ್ಟರ್ ಕಾಯಿರಿ ಅಂದ್ರು. ಅಜ್ಜಿಗೆ ಹೇಳು. ಅದರ ಕೆಳಗೆ, ಕೂಸು ಇವತ್ತು ಸ್ವಲ್ಪ ಕುಡೀತು.

ಊಟ ಕೊಡುವ ದಿನ ಬಂದಾಗ ಅಜ್ಜಿ ಸಂಜೆಯ ಪಂಕ್ತಿಯನ್ನು ನಲ್ಲಪ್ಪನ ಕೈಗೆ ಒಪ್ಪಿಸಿದಳು. "ಬಡ್ಸೋನು ನೀನೇ ಇವತ್ತು," ಎಂದು ಸೌಟು ಕೊಟ್ಟಾಗ ಅವನು ಗಾಬರಿಯಾಗಿ ಅಂಗಿಗೆ ಕೈ ಒರೆಸಿಕೊಂಡ.

"ಎಷ್ಟೆಷ್ಟು ಆಕ್ಬೇಕಮ್ಮೋ?"

"ಕೇಳಿ ಆಕು," ಎಂದಳು ಅಜ್ಜಿ, ಮೆಟ್ಟಿಲು ಹತ್ತುತ್ತ.

ಸುಂಡಿಲಿಯನ್ನು ಬಿಸಿನೀರಿನಿಂದ ತೆಗೆದು ಒರೆಸಿದೆ. ಶೈಲಶ್ರೀಯ ಕ್ಯಾಲಿಪರು ಅವಳ ಜೊತೆ ಹೋಗಿತ್ತು. ಅಜ್ಜಿ ಒಂದು ನೂಲು ತಂದು ಸುಂಡಿಲಿಯ ಹೊಟ್ಟೆಗೆ ಅಡ್ಡಲಾಗಿ ಹಿಡಿದು ಅಳೆದು, ಅದೇ ನೂಲನ್ನು ಗಾಜಿನ ಹೊರಗಿನಿಂದ ಉಂಡಿಯ ನಡುವಿಗೆ ಹಿಡಿದು ನೋಡಿದಳು. ತನ್ನ ಕಣ್ಣನ್ನು ಅವಳು ಈಗ ನಂಬುತ್ತಿರಲಿಲ್ಲ. ಸುಂಡಿಲಿ ಸಣ್ಣದೇ ಇತ್ತು. ದೀಪ ಆರಿಸಿದೆ. ಕಿಟಕಿಯಿಂದ ಬೀದಿಯ ಬೆಳಕು ಬರುತ್ತಿತ್ತು, ಅಷ್ಟು ಸಾಕು.

ಚಿಮುಟ ಒಡ್ಡಿದೆ. ಉಂಡಿ ನಾಲಿಗೆ ಆಡಿಸಿತು. ತಲೆ ಸ್ವಲ್ಪ ಮುಂದೆ ತಂದಿತು. ಆಮೇಲೆ ಹಿಂದಕ್ಕೆಳೆದುಕೊಂಡು ಮಡಕೆಯ ಕತ್ತಲಿಗೆ ಸರಿಯಿತು.

ಮತ್ತೆ ಒಡ್ಡಿದೆ. ಬರಲಿಲ್ಲ. ತಡವಾಗಿಬಿಟ್ಟಿತೇ ಎನ್ನಿಸಿತು. ಉಣ್ಣುವುದನ್ನೇ ಮರೆಯಿತೇ. ಅಜ್ಜಿ ನನ್ನ ಭುಜ ಒತ್ತಿ, ಇಟ್ಟು ಬಾ ಎಂದು ಸನ್ನೆ ಮಾಡಿದಳು. ಸುಂಡಿಲಿಯನ್ನು ಮಡಕೆಯ ಬಾಯಲ್ಲಿಟ್ಟು, ಮುಚ್ಚಳ ಹಾಕಿ, ಹೊಸ್ತಿಲಾಚೆ ಬಂದು ಬಾಗಿಲನ್ನು ಒಂದು ಕೈಯಗಲ ಬಿಟ್ಟು ಎಳೆದುಕೊಂಡೆವು. ಕೆಳಗಿನಿಂದ ನಲ್ಲಪ್ಪನ ಧ್ವನಿ ಬರುತ್ತಿತ್ತು: "ಗುರು, ಇನ್ನರ್ಧ ಬೇಕಾ? ಬೇಡ್ವಾ? ಸರಿಯಾಗಿ ಏಳಪ್ಪ, ನಂಗೆ ಅಜ್ಜಿ ಬೈತಾಳೆ." ಯಾರೋ ನಕ್ಕರು. ಅಜ್ಜಿ ಮೆಟ್ಟಿಲ ಮೇಲೆ ಕೂತು ಕಣ್ಣು ಮುಚ್ಚಿಕೊಂಡಿದ್ದಳು, ತುಟಿ ಆಡುತ್ತಿತ್ತು. ಯಾವ ನಾಗಪ್ಪನಿಗೆ ಹೇಳಿಕೊಳ್ಳುತ್ತಿದ್ದಳೋ.

ಟಪ್ ಎಂದು ಒಂದು ಸದ್ದು.

ಸಂದಿನಿಂದ ಇಣುಕಿದೆ. ಮಡಕೆಯ ಬಾಯಲ್ಲಿ ಉಂಡಿ ಸುಂಡಿಲಿಯನ್ನು ಎರಡು ಸುತ್ತು ಸುತ್ತಿಕೊಂಡು ಅಲುಗಾಡದೆ ಇತ್ತು. ಆಮೇಲೆ ಸುತ್ತು ಸಡಿಲಿಸಿ, ಮೂತಿ ಹುಡುಕಿ, ದವಡೆಯನ್ನು ಒಂದು ಬದಿ, ಇನ್ನೊಂದು ಬದಿ ನಡೆಸುತ್ತ ನುಂಗತೊಡಗಿತು. ಬಿಳಿ ಬಾಲದ ತುದಿ ಸ್ವಲ್ಪ ಹೊತ್ತು ಬಾಯಿಂದ ದಾರದಂತೆ ನೇತಾಡಿ ಒಳಗೆ ಹೋಯಿತು. ಉಂಡಿ ಒಂದು ಸಲ ದೊಡ್ಡದಾಗಿ ಆಕಳಿಸಿತು.

"ಇನ್ನೊಂ..." ಎಂದಳು ಅಜ್ಜಿ ನನ್ನ ಕಿವಿಯ ಹತ್ತಿರ. 'ದು' ಹೊರಬರದಂತೆ ಬಾಯಿಗೆ ಸೆರಗು ಒತ್ತಿಕೊಂಡಳು.

ನುಂಗಿದ್ದು ಊಟವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಹೋದ ಸಲವೂ ಚೆಂದವಾಗಿಯೇ ನುಂಗಿತ್ತು. ಮರುದಿನ ಮೆಟ್ಟಿಲು ಹತ್ತುವಾಗ ಮೂಗು ಮೊದಲು ಹತ್ತಿತು. ವಾಸನೆಯಿರಲಿಲ್ಲ. ಅದರ ಮರುದಿನವೂ ಇರಲಿಲ್ಲ. ಮೂರನೆಯ ದಿನ ಸೋನೆ ಹಿಡಿಯಿತು, ಮಧ್ಯಾಹ್ನ ಕರೆಂಟು ಹೋಯಿತು. ಲೈನಿನ ಮೇಲೆ ಮರ ಬಿದ್ದಿದೆ, ಸಂಜೆಯಾಗುತ್ತದೆ ಎಂದರು. ಮ್ಯಾಟು ತಣ್ಣಗಾಗತೊಡಗಿತು. ಹಾವಿನ ಹೊಟ್ಟೆಗೆ ಸ್ವಂತ ಒಲೆಯಿಲ್ಲ. ಹೊರಗಿನ ಬಿಸಿ ಆರಿದರೆ ಒಳಗಿನ ಊಟ ಅರಗದೆ ಕೊಳೆಯುತ್ತದೆ, ಕೊಳೆತರೆ ಹೊರಗೆ ಬರುತ್ತದೆ.

ಅಜ್ಜಿ ಅನ್ನದ ಪಾತ್ರೆಯಲ್ಲಿ ನೀರು ಕಾಯಿಸಿ ಬಾಟಲಿಗಳಿಗೆ ತುಂಬಿದಳು. ನಾನು ಅವನ್ನು ಟವೆಲಿನಲ್ಲಿ ಸುತ್ತಿ ಗಾಜಿನ ಹೊರಗೆ, ಮಡಕೆಯಿದ್ದ ಬದಿಗೆ ಒರಗಿಸಿದೆ. ಪೆಟ್ಟಿಗೆಯ ಮೇಲೆ ಅವಳ ಕಂಬಳಿ ಹೊದಿಸಿದೆವು. ಬಾಟಲಿ ಆರಿದಂತೆ ಅವಳು ಕೆಳಗಿನಿಂದ ಇನ್ನೊಂದು ತರುವಳು, ನಾನು ಬದಲಿಸುವೆನು. ಒಳಗಿನ ಥರ್ಮಾಮೀಟರಿನ ಅಂಕಿ ಇಳಿಯುತ್ತಿತ್ತು, ನಿಲ್ಲುತ್ತಿತ್ತು, ಒಂದು ಗೆರೆ ಏರುತ್ತಿತ್ತು. ಕಂಬಳಿ ಎತ್ತಿ ಒಳಗೆ ನೋಡಲು ಭಯವಾಗುತ್ತಿತ್ತು. ಕೆಳಗೆ ಗಿರಾಕಿಗಳು ಮೇಣದ ಬತ್ತಿಯಲ್ಲಿ ಉಂಡು ಎದ್ದರು. ಅವರೆಲ್ಲ ಹೋದ ಮೇಲೆ ಟ್ಯೂಬ್‌ಲೈಟು ಮಿಣುಕಿ ಹತ್ತಿಕೊಂಡಿತು. ಮ್ಯಾಟಿನ ಕೆಂಪು ದೀಪವೂ ಹತ್ತಿತು. ಕಂಬಳಿ ಸರಿಸಿದೆ. ಪೇಪರು ಒಣಗಿತ್ತು. ಉಂಡಿ ಮಡಕೆಯೊಳಗೆ ದುಂಡಗೆ ಸುತ್ತಿಕೊಂಡಿತ್ತು.

ಆಮೇಲಿನ ದಿನಗಳನ್ನು ನಾವು ಎಣಿಸಲಿಲ್ಲ. ಅಜ್ಜಿ ಸಂಜೆಯ ಊಟ ಮತ್ತೆ ಶುರುಮಾಡಿದಳು, ಅರ್ಧ ಮುದ್ದೆ. ಶೈಲಶ್ರೀ ಬೆಳಿಗ್ಗೆ ಒಂದು ಪ್ರಶ್ನಾರ್ಥಕ ಚಿಹ್ನೆ ಕಳಿಸುವಳು, ನಾನು ಇನ್ನೂ ಇಲ್ಲ ಎಂದು ಬರೆಯುವೆನು.

ಒಂದು ಬೆಳಿಗ್ಗೆ ನಾನು ಕಾಫಿ ಲೋಟ ಹಿಡಿದು ಮೇಲೆ ಹೋದಾಗ ಪೇಪರಿನ ಮೂಲೆಯಲ್ಲಿ ಕಂದುಬಣ್ಣದ ಒಂದು ಸಣ್ಣ ತುಂಡು, ಅದರ ಪಕ್ಕ ಸುಣ್ಣದ ಹೆಂಟೆಯಂಥ ಒಂದು ಬಿಳಿ ತುಂಡು ಬಿದ್ದಿದ್ದವು. ಬಗ್ಗಿ ಮೂಸಿದೆ. ಕೊಳೆತದ್ದಲ್ಲ. ಗಟ್ಟಿಯಾಗಿತ್ತು, ಒಣಗತೊಡಗಿತ್ತು.

"ಅಜ್ಜಿ," ಎಂದು ಕರೆದೆ.

ಅವಳು ಹಿಟ್ಟಿನ ಕೈಯಲ್ಲೇ ಬಂದಳು. ಬಹಳ ಹೊತ್ತು ನೋಡಿದಳು. ಸೊಂಟದಿಂದ ಕೀಲಿ ತೆಗೆದು ಕಿಟಕಿಯ ಮೇಲಿಟ್ಟು, ಒಲೆಯ ಮೇಲೆ ಎಸರಿದೆ ಎಂದು ಕೆಳಗೆ ಹೋದಳು.

ಫೋಟೊ ತೆಗೆದೆ. ಮೊದಲನೆಯದು ಅಲುಗಿತ್ತು. ಕಿಟಕಿಯ ಪರದೆ ಸರಿಸಿ ಇನ್ನೊಂದು ತೆಗೆದು ಶೈಲಶ್ರೀಗೆ ಕಳಿಸಿದೆ. ಹಳೆಯ ಪೇಪರು ಮಡಚಿ ತೆಗೆದು ಹೊಸದು ಹಾಸಿದೆ. ನೀರಿನ ಬಟ್ಟಲು ತೊಳೆದು ತುಂಬಿಟ್ಟು, ಮುಚ್ಚಳ ಹಾಕಿದೆ.